ಕೃಷ್ಣೆಯ ಹಿನ್ನೀರಿಗೆ ಯಾವ ಗಾಳದ ದಾರ? ಫ್ಲೋರೋಕಾರ್ಬನ್ನಿನ ಗುಣ, ಮಿತಿ ಮತ್ತು ಸರಿಯಾದ ಬಳಕೆ

ಘಟಪ್ರಭೆಯು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವ, ಮಲಪ್ರಭೆಯು ಪಟ್ಟದಕಲ್ಲು ಮತ್ತು ಐಹೊಳೆಗಳನ್ನು ಬಳಸಿ ಬಂದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಅದೇ ಕೃಷ್ಣೆಯನ್ನು ಸೇರುವ ಬಾಗಲಕೋಟೆ ಜಿಲ್ಲೆಯು ಇಂದು ಎರಡು ದೊಡ್ಡ ಜಲಾಶಯಗಳ ಹಿನ್ನೀರಿನ ನಾಡಾಗಿದೆ. ಆಲಮಟ್ಟಿಯಲ್ಲಿ 519.6 ಮೀಟರ್ ಮಟ್ಟದವರೆಗೆ ತುಂಬುವ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಮುಳುಗಿಸಿ ಹರಡಿಕೊಂಡಿದ್ದರೆ, ಅದರ ಕೆಳಗಿನ ನಾರಾಯಣಪುರದ ಬಸವಸಾಗರದ ಹಿನ್ನೀರು ಕೂಡಲಸಂಗಮದವರೆಗೆ ಚಾಚಿಕೊಂಡಿದೆ. ಈ ನೀರಿನಲ್ಲಿ ಬಲೆ ಬಿಟ್ಟು ಬದುಕು ಸಾಗಿಸುವ ಮೀನುಗಾರರ ಜೊತೆಗೆ, ಕೋಲು ಮತ್ತು ರೀಲು ಹಿಡಿದು ಬಿಡುವಿನ ವೇಳೆಯಲ್ಲಿ ದಡಕ್ಕೆ ಬರುವ ಹವ್ಯಾಸಿಗಳೂ ಇದ್ದಾರೆ. ಅವರ ಮುಂದೆ ಅಂಗಡಿಗಳು ಇಡುವ ಸರಕುಗಳಲ್ಲಿ ‘ನೀರಿನಲ್ಲಿ ಕಾಣದ ದಾರ’ ಎಂಬ ಹೆಸರು ಹೊತ್ತ ಫ್ಲೋರೋಕಾರ್ಬನ್ ದಾರವು ಅತಿ ಹೆಚ್ಚು ಹೊಗಳಿಕೆಗೂ ಅಷ್ಟೇ ತಪ್ಪು ತಿಳಿವಳಿಕೆಗೂ ಒಳಗಾಗಿರುವ ವಸ್ತುವಾಗಿದೆ. ಆ ಹೊಗಳಿಕೆಯಲ್ಲಿ ಸತ್ಯವಿದೆಯಾದರೂ ಅದು ಎಲ್ಲ ನೀರಿಗೂ, ಎಲ್ಲ ಋತುವಿಗೂ, ಎಲ್ಲ ವಿಧಾನಕ್ಕೂ ಸಲ್ಲುವ ಸತ್ಯವಲ್ಲ. ದಾರದ ಯೋಗ್ಯತೆಯನ್ನು ಅದರ ಬೆಲೆಯಿಂದ ಅಳೆಯಲಾಗದು. ಅದು ಮುಳುಗುವ ನೀರು, ಉಜ್ಜುವ ಕಲ್ಲು, ಹಿಡಿಯಬೇಕಾದ ಮೀನು ಈ ಮೂರೂ ಕೂಡಿ ಅದನ್ನು ನಿರ್ಧರಿಸುತ್ತವೆ ಎಂಬುದನ್ನು ಈ ಜಿಲ್ಲೆಯ ನೀರೇ ಚೆನ್ನಾಗಿ ತೋರಿಸಿಕೊಡುತ್ತದೆ.

ನಾರಿನಿಂದ ಫ್ಲೋರಿನ್ನಿನವರೆಗೆ

ಗಾಳವನ್ನು ವಿನೋದವಾಗಿಯೂ ಶಾಸ್ತ್ರವಾಗಿಯೂ ಕಂಡ ಪರಂಪರೆ ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ, ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಇರುವ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದ್ದು, ಅದರಲ್ಲಿ ಮೀನಿನ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಾಕುವ ಕ್ರಮ ಇವೆಲ್ಲ ವಿವರಿಸಲ್ಪಟ್ಟಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಆಧುನಿಕ ವಿಜ್ಞಾನದ ಕಣ್ಣಿನಿಂದ ಪರಿಶೀಲಿಸಿ ಪ್ರಕಟಿಸಿದ್ದರು. ಮುಂದೆ ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ ಎಂಬ ಕೃತಿಯು 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದದ್ದು ಇಂದಿಗೂ ದಾಖಲೆಯಾಗಿ ಉಲ್ಲೇಖಗೊಳ್ಳುತ್ತದೆ.

ಆ ಹಿಂದಿನ ಕಾಲದ ದಾರಗಳು ಹತ್ತಿ, ನಾರು, ರೇಷ್ಮೆಗಳಿಂದ ಮಾಡಿದವಾಗಿದ್ದವು. ಗಾಳಕ್ಕೆ ತಾಗುವ ಕೊನೆಯ ತುಂಡಿಗೆ ಮಾತ್ರ ಯುರೋಪಿನಲ್ಲಿ ರೇಷ್ಮೆಹುಳುವಿನ ರೇಷ್ಮೆಗ್ರಂಥಿಯನ್ನು ಹೊರತೆಗೆದು, ಉದ್ದಕ್ಕೆ ಎಳೆದು ಒಣಗಿಸಿದ ಪಾರದರ್ಶಕ ಎಳೆಯನ್ನು ಬಳಸುತ್ತಿದ್ದರು. ಮುಖ್ಯ ದಾರ ಒಂದು ಬಗೆಯದು, ಮೀನಿನ ಕಣ್ಣಿಗೆ ಹತ್ತಿರವಿರುವ ತುದಿ ಇನ್ನೊಂದು ಬಗೆಯದು ಎಂಬ ವಿಭಜನೆಯು ಹೀಗೆ ಬಹಳ ಹಿಂದೆಯೇ ನೆಲೆಗೊಂಡಿತ್ತು. ಈ ತುದಿಯ ತುಂಡನ್ನೇ ಇಂದು ‘ಲೀಡರ್’ ಎಂದು ಕರೆಯಲಾಗುತ್ತದೆ. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕ್ಯಾರದರ್ಸ್ ಅವರ ತಂಡವು 1935ರಲ್ಲಿ ನೈಲಾನನ್ನು ತಯಾರಿಸಿದ ಮೇಲೆ ಒಂಟಿ ಎಳೆಯ ನೈಲಾನ್ ದಾರವು ರೇಷ್ಮೆಯ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಅನಂತರ 1971ರಲ್ಲಿ ಜಪಾನಿನ ಕುರೇಹಾ ಸಂಸ್ಥೆಯು ‘ಸೀಗಾರ್’ ಎಂಬ ಹೆಸರಿನಲ್ಲಿ ಮೊದಲ ಫ್ಲೋರೋಕಾರ್ಬನ್ ದಾರವನ್ನು ಹೊರತಂದಾಗ ಅದು ಬಂದದ್ದು ಲೀಡರ್ ಆಗಿಯೇ ಎಂಬುದು ಗಮನಾರ್ಹ. ರೀಲು ತುಂಬ ಅದನ್ನೇ ಸುತ್ತುವ ರೂಢಿ ಬಂದದ್ದು ಆಮೇಲೆ.

ಮೂರು ವಸ್ತು, ಮೂರು ಸ್ವಭಾವ

ಇಂದು ಬಳಕೆಯಲ್ಲಿರುವ ಗಾಳದ ದಾರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಒಂದನೆಯದು ನೈಲಾನಿನ ಒಂಟಿ ಎಳೆ. ಎರಡನೆಯದು ಅತಿ ಬಲಿಷ್ಠವಾದ ಪಾಲಿಎಥಿಲೀನ್ ನೂಲುಗಳನ್ನು ಜಡೆಯಂತೆ ಹೆಣೆದ, ‘ಬ್ರೇಡ್’ ಎಂದು ಕರೆಸಿಕೊಳ್ಳುವ ದಾರ. ಮೂರನೆಯದಾದ ಫ್ಲೋರೋಕಾರ್ಬನ್ನು ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನಿಂದ, ಅಂದರೆ ಇಂಗಾಲದ ಸರಪಳಿಗೆ ಜಲಜನಕವೂ ಫ್ಲೋರಿನ್ನೂ ಅಂಟಿಕೊಂಡಿರುವ ಬೃಹದಣುವಿನಿಂದ ಎಳೆದ ಒಂಟಿ ಎಳೆ. ಈ ಮೂರರ ವರ್ತನೆಯ ವ್ಯತ್ಯಾಸವೆಲ್ಲ ಬೆಳಕಿನ ವಕ್ರೀಭವನ, ಸಾಂದ್ರತೆ, ನೀರು ಹೀರುವ ಗುಣ ಮತ್ತು ಬಿಗುವು ಎಂಬ ನಾಲ್ಕು ಗುಣಗಳಿಂದ ಹುಟ್ಟುತ್ತದೆ.

ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಸಾಗುವಾಗ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಸೂಚಿಸುವ ಸಂಖ್ಯೆಯೇ ವಕ್ರೀಭವನಾಂಕ. ಎರಡು ವಸ್ತುಗಳ ಅಂಕಗಳು ಹತ್ತಿರವಾದಷ್ಟೂ ಅವುಗಳ ನಡುವಿನ ಗಡಿಯಲ್ಲಿ ಪ್ರತಿಫಲಿಸುವ ಬೆಳಕು ಕಡಿಮೆಯಾಗಿ, ಒಂದರೊಳಗೆ ಇನ್ನೊಂದು ಇರುವುದು ಕಣ್ಣಿಗೆ ತಿಳಿಯದಂತಾಗುತ್ತದೆ. ನೀರಿನ ಅಂಕ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.53ರ ಆಸುಪಾಸು. ಈ ಅಂಕಗಳಿಂದ ಲೆಕ್ಕ ಹಾಕಿದರೆ, ನೀರಿನೊಳಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಫ್ಲೋರೋಕಾರ್ಬನ್ನಿನ ಮೇಲ್ಮೈಯು ಸಾವಿರದಲ್ಲಿ ಒಂದು ಪಾಲನ್ನೂ ನೈಲಾನಿನ ಮೇಲ್ಮೈಯು ಸುಮಾರು ಐದು ಪಾಲನ್ನೂ ಹಿಂದಿರುಗಿಸುತ್ತವೆ. ಆದ್ದರಿಂದ ‘ಕಾಣದ ದಾರ’ ಎಂಬ ಮಾತನ್ನು ‘ಕಡಿಮೆ ಕಾಣುವ ದಾರ’ ಎಂದು ತಿದ್ದಿಕೊಳ್ಳಬೇಕಾಗುತ್ತದೆ. ಅಂತರ ನಿಜ, ಅದೃಶ್ಯತೆ ನಿಜವಲ್ಲ.

ಸಾಂದ್ರತೆಯ ಅಂತರವು ಇದಕ್ಕಿಂತ ದೊಡ್ಡದು. ನೀರಿನ ಸಾಂದ್ರತೆಯನ್ನು 1 ಎಂದು ಇಟ್ಟುಕೊಂಡರೆ ಹೆಣೆದ ದಾರದ್ದು 0.97, ನೈಲಾನಿನದು 1.14, ಫ್ಲೋರೋಕಾರ್ಬನ್ನಿನದು 1.78. ಹೆಣೆದ ದಾರ ತೇಲುತ್ತದೆ, ನೈಲಾನ್ ನಿಧಾನವಾಗಿ ಇಳಿಯುತ್ತದೆ, ಫ್ಲೋರೋಕಾರ್ಬನ್ ಬೇಗ ಮುಳುಗುತ್ತದೆ; ಒಂದೇ ದಪ್ಪದ ಎಳೆಗಳನ್ನು ಹೋಲಿಸಿದಾಗ ನೀರಿನೊಳಗೆ ಫ್ಲೋರೋಕಾರ್ಬನ್ನಿನ ತೂಕವು ನೈಲಾನಿನ ತೂಕದ ಐದು ಪಟ್ಟಿಗೂ ಹೆಚ್ಚು. ನೀರು ಹೀರುವ ವಿಷಯದಲ್ಲಿಯೂ ಇವೆರಡು ಬೇರೆಯೇ. ನೈಲಾನು ದೀರ್ಘಕಾಲ ನೆನೆದಾಗ ತನ್ನ ತೂಕದ ನೂರಕ್ಕೆ ಎಂಟು ಒಂಬತ್ತರಷ್ಟು ನೀರನ್ನು ಹೀರಿಕೊಂಡು ಮೆತ್ತಗಾಗುವುದರಿಂದ ಅದರ ಬಲವೂ ಗಂಟಿನ ಬಿಗಿಯೂ ಕುಗ್ಗುತ್ತವೆ. ಫ್ಲೋರೋಕಾರ್ಬನ್ನು ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲವಾದ್ದರಿಂದ ಬೆಳಿಗ್ಗೆ ಇದ್ದ ಬಲವೇ ಸಂಜೆಗೂ ಉಳಿಯುತ್ತದೆ. ಬಾಗಲಕೋಟೆಯ ಬೇಸಿಗೆಯ ಬಿಸಿಲಿನಲ್ಲಿ ನೈಲಾನು ಕ್ರಮೇಣ ಪೆಡಸಾಗಿ ಬಲಗುಂದುತ್ತದೆ; ಸೂರ್ಯನ ಅತಿನೇರಳೆ ಕಿರಣಗಳನ್ನು ತಾಳಿಕೊಳ್ಳುವುದರಲ್ಲಿ ಫ್ಲೋರೋಕಾರ್ಬನ್ನಿಗೆ ಸರಿಸಾಟಿಯಾದ ಪ್ಲಾಸ್ಟಿಕ್ಕುಗಳು ಕೆಲವೇ.

ಇಷ್ಟೆಲ್ಲ ಗುಣಗಳಿಗೆ ತೆರಬೇಕಾದ ಬೆಲೆಯೇ ಬಿಗುವು. ಫ್ಲೋರೋಕಾರ್ಬನ್ನು ನೈಲಾನಿಗಿಂತ ಪೆಡಸು. ರೀಲಿನಲ್ಲಿ ಸುತ್ತಿದ ಆಕಾರವನ್ನು ಅದು ಬಿಡದೆ ಹಿಡಿದುಕೊಳ್ಳುತ್ತದೆ, ದಪ್ಪ ಹೆಚ್ಚಿದಂತೆ ಸುರುಳಿ ಸುರುಳಿಯಾಗಿ ಹಾರಿ ಸಿಕ್ಕಾಗುತ್ತದೆ. ಅದು ಹಿಗ್ಗುವುದೇ ಇಲ್ಲವೆಂಬ ಪ್ರಚಲಿತ ನಂಬಿಕೆಯು ಸರಿಯಲ್ಲ: ಸಾಕಷ್ಟು ಜಗ್ಗಿದರೆ ಅದೂ ನೈಲಾನಿನಂತೆಯೇ ಗಣನೀಯವಾಗಿ ಹಿಗ್ಗುತ್ತದೆ, ಆದರೆ ಹಿಗ್ಗಲು ಆರಂಭದಲ್ಲಿ ಹೆಚ್ಚು ಬಲವನ್ನು ಬೇಡುವುದರಿಂದ ಮೀನು ಮೆಲ್ಲಗೆ ಮುಟ್ಟಿದ್ದೂ ಕೈಗೆ ತಿಳಿಯುತ್ತದೆ. ಮಿತಿ ಮೀರಿ ಹಿಗ್ಗಿದ ಫ್ಲೋರೋಕಾರ್ಬನ್ನು ಮೊದಲಿನ ಸ್ಥಿತಿಗೆ ಪೂರ್ತಿ ಮರಳುವುದಿಲ್ಲ. ಬಂಡೆಗೆ ಸಿಕ್ಕಿಕೊಂಡು ಬಲವಾಗಿ ಜಗ್ಗಿ ಬಿಡಿಸಿದ ದಾರದ ಆ ಭಾಗವನ್ನು ಕತ್ತರಿಸಿ ತೆಗೆಯಬೇಕೆನ್ನುವುದು ಈ ಕಾರಣಕ್ಕಾಗಿಯೇ.

ರಾಡಿ ನೀರು, ತಿಳಿ ನೀರು, ಕಲ್ಲು

ಈ ಗುಣಗಳನ್ನು ಜಿಲ್ಲೆಯ ನೀರಿಗೆ ಹೊಂದಿಸಿ ನೋಡಿದಾಗ ಮೊದಲು ಎದುರಾಗುವುದು ಮುಂಗಾರಿನ ರಾಡಿ. ಮಹಾಬಲೇಶ್ವರದ ಘಟ್ಟಗಳಲ್ಲಿ ಸುರಿದ ಮಳೆಯು ಕೃಷ್ಣೆಯಲ್ಲಿ ಇಳಿದು ಬರುವಾಗ ದಖನ್ನಿನ ಕಪ್ಪು ಮಣ್ಣನ್ನು ಹೊತ್ತು ತರುತ್ತದೆ. ಘಟಪ್ರಭೆ, ಮಲಪ್ರಭೆಗಳೂ ಆ ತಿಂಗಳುಗಳಲ್ಲಿ ಕೆಸರಿನ ಬಣ್ಣಕ್ಕೆ ತಿರುಗುತ್ತವೆ. ಗೇಣು ಆಳಕ್ಕೆ ಇಳಿಸಿದ ಕೈಯೇ ಕಾಣದ ಅಂಥ ನೀರಿನಲ್ಲಿ ಮೀನು ತನ್ನ ಆಹಾರವನ್ನು ವಾಸನೆ, ಮೀಸೆಯ ಸ್ಪರ್ಶ ಮತ್ತು ನೀರಿನ ಕಂಪನಗಳಿಂದ ಅರಸುವುದರಿಂದ, ದಾರವು ಸಾವಿರಕ್ಕೆ ಒಂದು ಪಾಲು ಬೆಳಕನ್ನು ಪ್ರತಿಫಲಿಸುತ್ತದೆಯೋ ಐದು ಪಾಲನ್ನೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಮಳೆ ನಿಂತು ಹೂಳು ತಳಕ್ಕಿಳಿದ ಮೇಲೆ, ಚಳಿಗಾಲದ ನಿಂತ ಹಿನ್ನೀರಿನಲ್ಲಿ ಮತ್ತು ಹಳ್ಳಿಗಳ ಹಳೆಯ ಕೆರೆಗಳಲ್ಲಿ ನೀರು ತಿಳಿಯಾದಾಗ ಮಾತ್ರ ಫ್ಲೋರೋಕಾರ್ಬನ್ನಿನ ಬೆಳಕಿನ ಗುಣಕ್ಕೆ ಬೆಲೆ ಬರುತ್ತದೆ. ಹೀಗಾಗಿ ಜುಲೈ ತಿಂಗಳಲ್ಲಿ ವ್ಯರ್ಥವಾದ ಖರ್ಚು ಜನವರಿಯಲ್ಲಿ ಸಾರ್ಥಕವಾಗಬಹುದು.

ಎರಡನೆಯ ಅಂಶ ಕಲ್ಲು. ಬಾದಾಮಿಯ ಗುಹಾಲಯಗಳನ್ನು ಕಡೆದಿರುವ ಮರಳುಗಲ್ಲು ಬಹುಮಟ್ಟಿಗೆ ಬೆಣಚುಕಲ್ಲಿನ ಕಣಗಳಿಂದಾದುದು. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಇಳಕಲ್, ಹುನಗುಂದದ ಕಡೆಯ ಹೆಸರಾಂತ ಕೆಂಪು ಗ್ರಾನೈಟಿನಲ್ಲಿಯೂ ಈ ಗಡಸು ಖನಿಜ ಹೇರಳವಾಗಿದೆ. ಇಂಥ ಕಲ್ಲಿನ ಅಂಚಿಗೆ ಬಿಗಿಯಾಗಿ ಉಜ್ಜಿದ ಯಾವ ಪ್ಲಾಸ್ಟಿಕ್ ಎಳೆಯೂ ಗೀರು ಬೀಳದೆ ಉಳಿಯದು. ಆದರೂ ಮೂರು ದಾರಗಳ ಪಾಡು ಒಂದೇ ಅಲ್ಲ: ನೂರಾರು ಸಪೂರ ನೂಲುಗಳಿಂದಾದ ಹೆಣೆದ ದಾರವು ಬಿಗಿಯಾಗಿದ್ದಾಗ ಬಂಡೆಯ ಅಂಚಿಗೆ ತಾಗಿದರೆ ಒಂದೊಂದೇ ನೂಲು ಹರಿದು ಬೇಗ ತುಂಡಾಗುತ್ತದೆ, ಗಟ್ಟಿ ಮೇಲ್ಮೈಯ ಒಂಟಿ ಎಳೆಯಾದ ಫ್ಲೋರೋಕಾರ್ಬನ್ನು ಹೆಚ್ಚು ಹೊತ್ತು ತಾಳುತ್ತದೆ. ಮಲಪ್ರಭೆಯ ಬಂಡೆಗಳ ಪಾತ್ರದಲ್ಲಿ ಮತ್ತು ಹಿನ್ನೀರಿನಲ್ಲಿ ಮುಳುಗಿದ ಕಲ್ಲುಗೋಡೆಗಳ ನಡುವೆ ಗಾಳ ಹಾಕುವವರಿಗೆ ಲೀಡರ್ ಬೇಕಾಗುವುದು ಮೀನಿನ ಕಣ್ಣು ತಪ್ಪಿಸುವುದಕ್ಕಿಂತ ಹೆಚ್ಚಾಗಿ ಕಲ್ಲಿನ ಹಲ್ಲು ತಪ್ಪಿಸಲು.

ವಿಧಾನಕ್ಕೆ ತಕ್ಕ ದಾರ

ಈ ಜಲಾಶಯಗಳಲ್ಲಿ ಬಿತ್ತನೆಯಾಗುವ ಮೂರು ಪ್ರಮುಖ ಗೆಂಡೆಗಳಲ್ಲಿ ಕಾಟ್ಲಾ ಮೇಲ್ಪದರದಲ್ಲಿಯೂ ರೋಹು ನಡುಪದರದಲ್ಲಿಯೂ ಮೃಗಾಲ್ ತಳದಲ್ಲಿಯೂ ಮೇಯುತ್ತವೆ ಎಂಬ ಸರಳ ಸಂಗತಿಯೇ ದಾರದ ಆಯ್ಕೆಗೆ ಒಳ್ಳೆಯ ಕೈಮರ. ಗೆಂಡೆಗಳ ದವಡೆಯಲ್ಲಿ ಹಲ್ಲಿಲ್ಲ, ಅವುಗಳ ಹಲ್ಲುಗಳಿರುವುದು ಗಂಟಲಿನಲ್ಲಿ. ಹಾಗಾಗಿ ದಾರವನ್ನು ಕಚ್ಚಿ ಕತ್ತರಿಸುವ ಭಯ ಇಲ್ಲಿ ಕಡಿಮೆ. ಜೋಳದ ಹಿಟ್ಟಿನ ಉಂಡೆಯನ್ನೋ ಎರೆಹುಳುವನ್ನೋ ಸೀಸದ ಗುಂಡಿನೊಂದಿಗೆ ತಳಕ್ಕೆ ಇಳಿಸಿ ಮೃಗಾಲ್ ಅಥವಾ ಸಾಮಾನ್ಯ ಗೆಂಡೆಗಾಗಿ ಕಾಯುವ ವಿಧಾನದಲ್ಲಿ, ಬೇಗ ಮುಳುಗುವ ಫ್ಲೋರೋಕಾರ್ಬನ್ನು ತಳದ ಮಣ್ಣಿಗೆ ಒರಗಿ ಮಲಗುತ್ತದೆ, ಆಹಾರದ ಸುತ್ತ ಸುಳಿಯುವ ಮೀನಿನ ಹೊಟ್ಟೆಗೂ ರೆಕ್ಕೆಗೂ ತಾಗಿ ಅದನ್ನು ಬೆದರಿಸುವುದಿಲ್ಲ. ಈ ಒಂದು ವಿಧಾನದಲ್ಲಿ ಅದರ ತೂಕ ರಾಡಿ ನೀರಿನಲ್ಲಿಯೂ ಪ್ರಯೋಜನಕಾರಿ.

ಬೆಂಡು ಕಟ್ಟಿ ಮೇಲ್ಪದರದ ಕಾಟ್ಲಾವನ್ನು ಅರಸುವಾಗ ಇದೇ ತೂಕ ಅನನುಕೂಲವಾಗುತ್ತದೆ. ಕೋಲಿನ ತುದಿಗೂ ಬೆಂಡಿಗೂ ನಡುವಿನ ದಾರ ಮುಳುಗಿದರೆ, ಮೀನು ಮುಟ್ಟಿದಾಗ ಆ ಮುಳುಗಿದ ದಾರವನ್ನೆಲ್ಲ ನೀರಿನಿಂದ ಎತ್ತಿದ ಮೇಲಷ್ಟೇ ಗಾಳ ನಾಟುತ್ತದೆ. ಅಷ್ಟರಲ್ಲಿ ಮೀನು ಎರೆಯನ್ನು ಉಗುಳಿರುತ್ತದೆ. ಆದ್ದರಿಂದ ಬೆಂಡುಗಾಳಕ್ಕೆ ಸಪೂರ ನೈಲಾನೇ ಯೋಗ್ಯ. ನೀರು ತಿಳಿಯಾಗಿದ್ದರೆ ಬೆಂಡಿನ ಕೆಳಗೆ ಮೊಳದುದ್ದದ ಫ್ಲೋರೋಕಾರ್ಬನ್ ತುಂಡೊಂದನ್ನು ಸೇರಿಸಬಹುದು.

ಜೊಂಡು, ತಾವರೆ, ನೀರುಬಳ್ಳಿಗಳ ನಡುವೆ ಅಡಗಿ ಕಪ್ಪೆಗಾಗಿ ಹೊಂಚುವ ಮರಲ್ ಮೀನನ್ನು ರಬ್ಬರಿನ ಕಪ್ಪೆಯಂಥ ‘ಲ್ಯೂರ್’ ಎಂಬ ಕೃತಕ ಎರೆಯನ್ನು ನೀರಿನ ಮೇಲೆ ಎಳೆದು ಹಿಡಿಯುವ ವಿಧಾನದಲ್ಲಿ ಫ್ಲೋರೋಕಾರ್ಬನ್ನಿಗೆ ಸ್ಥಾನವೇ ಇಲ್ಲವೆನ್ನಬಹುದು. ಮುಳುಗುವ ದಾರವು ತೇಲಬೇಕಾದ ಎರೆಯ ಮೂತಿಯನ್ನು ಕೆಳಗೆಳೆಯುತ್ತದೆ. ಕಳೆಯೊಳಗಿಂದ ಮೀನನ್ನು ಒಂದೇ ಬೀಸಿಗೆ ಹೊರಗೆಳೆಯಲು ಹಿಗ್ಗದ, ಎಲೆ ದಂಟುಗಳನ್ನು ಕೊಯ್ದುಕೊಂಡು ಬರುವ ದಪ್ಪ ಹೆಣೆದ ದಾರವೇ ಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಆಳದ ನೀರಿನಲ್ಲಿ ಮುಳುಗಿ ಈಜುವ ಕೃತಕ ಎರೆಯನ್ನು ಎಸೆದು ಬಾಳೆಮೀನನ್ನು, ಅಂದರೆ ವಾಲಗೊ ಎಂಬ ಅಗಲ ಬಾಯಿಯ ಬೇಟೆಗಾರ ಮೀನನ್ನು ಹಿಡಿಯುವಾಗ, ಹೆಣೆದ ಮುಖ್ಯ ದಾರಕ್ಕೆ ಒಂದೆರಡು ಮೀಟರ್ ಉದ್ದದ ದಪ್ಪ ಫ್ಲೋರೋಕಾರ್ಬನ್ ಲೀಡರ್ ಸೇರಿಸುವುದು ಅತ್ಯುತ್ತಮ ಜೋಡಣೆ. ಈ ಮೀನಿನ ದವಡೆಯಲ್ಲಿ ಪಟ್ಟಿಯಂತೆ ಹರಡಿರುವ ಸಣ್ಣ ಚೂಪು ಹಲ್ಲುಗಳು ಸಪೂರ ದಾರವನ್ನು ಸವೆಸಿ ಹರಿಯುತ್ತವೆ. ದಪ್ಪ ಲೀಡರ್ ಅದನ್ನು ತಡೆಯುತ್ತದೆ, ತೀರ ದೊಡ್ಡ ಮೀನಿರುವಲ್ಲಿ ಉಕ್ಕಿನ ತಂತಿಯೇ ಬೇಕಾಗಬಹುದು.

ರೀಲಿನ ಬಗೆಯೂ ಆಯ್ಕೆಯನ್ನು ನಿರ್ಬಂಧಿಸುತ್ತದೆ. ದಾರವು ನಿಂತ ಉರುಳೆಯ ಅಂಚಿನಿಂದ ಸುರುಳಿಯಾಗಿ ಕಳಚಿಕೊಳ್ಳುವ ಸ್ಪಿನ್ನಿಂಗ್ ರೀಲಿನಲ್ಲಿ ಪೂರ್ತಿ ಫ್ಲೋರೋಕಾರ್ಬನ್ ಸುತ್ತುವುದಾದರೆ 8 ಪೌಂಡ್, ಅಂದರೆ ಸುಮಾರು 3.6 ಕಿಲೋಗ್ರಾಂ ಬಲದ ಆಸುಪಾಸಿನಲ್ಲಿಯೇ ನಿಲ್ಲುವುದು ಒಳಿತು. ಉರುಳೆಯೇ ತಿರುಗಿ ದಾರವನ್ನು ನೇರವಾಗಿ ಬಿಡುವ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ 10ರಿಂದ 15 ಪೌಂಡಿನ ದಾರವೂ ತೊಂದರೆ ಕೊಡದು. ಇನ್ನು ರಾತ್ರಿಯಿಡೀ ನೀರಿನಲ್ಲಿ ಬಿಡುವ, ಒಂದೇ ಹಗ್ಗಕ್ಕೆ ಹತ್ತಾರು ಗಾಳಗಳನ್ನು ಕಟ್ಟಿದ ಸಾಲಿಗೂ ಜೀವನೋಪಾಯದ ಬಲೆಗೂ ಹಲವು ಪಟ್ಟು ದುಬಾರಿಯಾದ ಈ ವಸ್ತು ಹೊಂದುವುದಿಲ್ಲ. ಮೀನುಬಲೆಯ ನೈಲಾನ್ ನೂಲನ್ನು ಇಳಕಲ್ಲಿನ ನೇಕಾರರಿಗೂ ಪರಿಚಿತವಾದ ಡೆನಿಯರ್ ಮಾನದಲ್ಲಿ, ಅಂದರೆ 9000 ಮೀಟರ್ ನೂಲಿನ ಗ್ರಾಂ ತೂಕದಲ್ಲಿ ಅಳೆಯುತ್ತಾರೆ. ಗಾಳದ ದಾರಕ್ಕಾದರೋ ಅಡ್ಡಳತೆ ಮತ್ತು ಹರಿಯುವ ಬಲವೇ ಮಾನ. ಜಪಾನಿನ ಉತ್ಪನ್ನಗಳ ಮೇಲೆ ಕಾಣುವ ‘ಗೋ’ ಎಂಬ ಸಂಖ್ಯೆಯೂ ಅಡ್ಡಳತೆಯ ಸೂಚಕವೇ: 1 ಗೋ ಎಂದರೆ 0.165 ಮಿಲಿಮೀಟರ್, 4 ಗೋ ಎಂದರೆ ಅದರ ಎರಡರಷ್ಟು, 0.33 ಮಿಲಿಮೀಟರ್.

ಗಂಟಿನ ಶಾಸ್ತ್ರ

ಎರಡು ಬೇರೆ ಸ್ವಭಾವದ ದಾರಗಳನ್ನು ಕೂಡಿಸುವ ಗಂಟಿನಲ್ಲಿಯೇ ಇಡೀ ಜೋಡಣೆಯ ಬಲ ನಿಂತಿದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಕೊಂಡಿ ಹಾಕಿ, ಹತ್ತಿಯನ್ನೂ ರೇಷ್ಮೆಯನ್ನೂ ಒಂದೇ ಬಟ್ಟೆಯಾಗಿಸುವ ಕೌಶಲದಂತೆ, ಇಲ್ಲಿಯೂ ಎರಡು ವಸ್ತುಗಳ ಗುಣವನ್ನು ಉಳಿಸಿಕೊಂಡೇ ಅವುಗಳನ್ನು ಬೆಸೆಯಬೇಕಾಗುತ್ತದೆ. ಹೆಣೆದ ದಾರವು ಜಾರುವ ಸ್ವಭಾವದ್ದು, ಫ್ಲೋರೋಕಾರ್ಬನ್ನು ಪೆಡಸಿನದು. ಆದ್ದರಿಂದ ಒಂದರ ಸುತ್ತ ಇನ್ನೊಂದನ್ನು ಹಲವು ಸುತ್ತು ಸುತ್ತಿ ಎರಡು ಕಡೆಯಿಂದ ಬಿಗಿಯುವ ‘ಡಬಲ್ ಯುನಿ’ ಗಂಟನ್ನು ಹೊಸಬರೂ, ಹೆಣೆದ ದಾರವನ್ನು ಲೀಡರಿನ ಮೇಲೆ ಅಡ್ಡಡ್ಡ ಹೆಣೆದು ಹಿಡಿತ ಪಡೆಯುವ ಸಪೂರವಾದ ‘ಎಫ್‌ಜಿ’ ಗಂಟನ್ನು ಪಳಗಿದವರೂ ಬಳಸುತ್ತಾರೆ. ಯಾವ ಗಂಟನ್ನೇ ಆಗಲಿ ಬಿಗಿಯುವ ಮುನ್ನ ನೀರಿನಿಂದ ತೋಯಿಸಲೇಬೇಕು. ಒಣಗಿದ ಫ್ಲೋರೋಕಾರ್ಬನ್ನನ್ನು ರಭಸದಿಂದ ಎಳೆದರೆ ಉಜ್ಜಾಟದ ಕಾವಿಗೆ ಮೇಲ್ಮೈ ಕೆಟ್ಟು, ಕಣ್ಣಿಗೆ ಸರಿಯಾಗಿ ಕಾಣುವ ಗಂಟು ಮೀನಿನ ಮೊದಲ ಜಗ್ಗಿಗೇ ಹರಿಯುತ್ತದೆ. ಫ್ಲೋರೋಕಾರ್ಬನ್ ದುರ್ಬಲವೆಂಬ ದೂರುಗಳಲ್ಲಿ ಅನೇಕವು ವಾಸ್ತವದಲ್ಲಿ ಒಣ ಗಂಟಿನ ಫಲ.

ಕೊಳ್ಳುವಾಗಿನ ಎಚ್ಚರ

ಮಾರುಕಟ್ಟೆಯಲ್ಲಿ ಫ್ಲೋರೋಕಾರ್ಬನ್ ಎಂಬ ಹೆಸರು ಹೊತ್ತ ಎಲ್ಲ ದಾರಗಳೂ ಪೂರ್ಣ ಫ್ಲೋರೋಕಾರ್ಬನ್ ಅಲ್ಲ. ನೈಲಾನಿನ ಎಳೆಗೆ ಫ್ಲೋರೋಕಾರ್ಬನ್ನಿನ ತೆಳು ಲೇಪ ಕೊಟ್ಟವೂ ಇವೆ. ಲೇಪದ ದಾರವು ಒಳಗೆ ನೈಲಾನೇ ಆಗಿರುವುದರಿಂದ ಮುಳುಗುವ ವೇಗ, ಬಿಗುವು ಮುಂತಾದವುಗಳಲ್ಲಿ ಬಹುಮಟ್ಟಿಗೆ ನೈಲಾನಿನಂತೆಯೇ ವರ್ತಿಸುತ್ತದೆ. ಇವನ್ನು ಪ್ರತ್ಯೇಕಿಸಲು ಸಾಂದ್ರತೆಯೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯನ್ನು ಒದಗಿಸುತ್ತದೆ. ಒಂದು ಲೋಟ ನೀರಿಗೆ, ಇನ್ನು ಕರಗದೆನ್ನುವಷ್ಟು ಅಡುಗೆ ಉಪ್ಪು ಬೆರೆಸಿದಾಗ ಆ ನೀರಿನ ಸಾಂದ್ರತೆ 1.2ರ ಸಮೀಪಕ್ಕೆ ಏರುತ್ತದೆ. ಬೆರಳುದ್ದದ ದಾರದ ತುಂಡನ್ನು ಸೋಪಿನ ನೀರಿನಲ್ಲಿ ಅದ್ದಿ ಗುಳ್ಳೆ ಅಂಟದಂತೆ ಒರೆಸಿ ಆ ಉಪ್ಪುನೀರಿನಲ್ಲಿ ಮುಳುಗಿಸಿ ಬಿಟ್ಟರೆ, 1.14 ಸಾಂದ್ರತೆಯ ನೈಲಾನು ಮೇಲಕ್ಕೆ ತೇಲುತ್ತದೆ, 1.78 ಸಾಂದ್ರತೆಯ ನಿಜವಾದ ಫ್ಲೋರೋಕಾರ್ಬನ್ನು ತಳಕ್ಕೆ ಇಳಿಯುತ್ತದೆ. ಲೀಡರಿಗಷ್ಟೇ ಬೇಕಾದವರು ದೊಡ್ಡ ಉರುಳೆಯನ್ನು ಕೊಳ್ಳುವ ಅಗತ್ಯವಿಲ್ಲ. ಸಣ್ಣ ಉರುಳೆಯೊಂದೇ ಬಹುಕಾಲ ಬಾಳುತ್ತದೆ.

ಬಾಳಿಕೆಯ ಇನ್ನೊಂದು ಮುಖ

ಬಿಸಿಲಿಗೂ ನೀರಿಗೂ ಬಗ್ಗದ ಈ ಬಾಳಿಕೆಯೇ, ದಾರವು ಕೈತಪ್ಪಿ ನೀರಿನಲ್ಲಿ ಉಳಿದಾಗ ಹಾನಿಯ ಮೂಲವಾಗುತ್ತದೆ. ಇಂಗಾಲ ಮತ್ತು ಫ್ಲೋರಿನ್ನಿನ ಬಂಧವು ರಸಾಯನವಿಜ್ಞಾನದಲ್ಲಿ ಅತ್ಯಂತ ಬಲವಾದ ಬಂಧಗಳಲ್ಲೊಂದು; ಅದನ್ನು ಒಡೆದು ಜೀರ್ಣಿಸುವ ಸಾಮರ್ಥ್ಯ ಕೆರೆಯ ಸೂಕ್ಷ್ಮಜೀವಿಗಳಿಗಿಲ್ಲ. ಯುರೋಪಿನ ಒಕ್ಕೂಟದಲ್ಲಿ 2023ರಲ್ಲಿ ಪ್ರಕಟವಾದ, ಪರಿಸರದಲ್ಲಿ ಅಳಿಯದೆ ಉಳಿಯುವ ಫ್ಲೋರಿನ್ ಸಂಯುಕ್ತಗಳ ನಿರ್ಬಂಧದ ಪ್ರಸ್ತಾವದ ವ್ಯಾಪ್ತಿಗೆ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕುಗಳೂ ಸೇರಿದ್ದವು. ಚಳಿಗಾಲದಲ್ಲಿ ಹಿನ್ನೀರಿನ ಅಂಚಿಗೆ ಬರುವ ವಲಸೆ ಹಕ್ಕಿಗಳ ಕಾಲಿಗೆ, ದಡದಲ್ಲಿ ಮೇಯುವ ದನಕರುಗಳ ಗೊರಸಿಗೆ, ಪರವಾನಗಿ ಪಡೆದು ದುಡಿಯುವ ಮೀನುಗಾರರ ಬಲೆಗೆ ಸುತ್ತಿಕೊಳ್ಳುವುದು ಹೀಗೆ ಬಿಟ್ಟುಹೋದ ದಾರವೇ. ಅದನ್ನು ಸುಡುವುದಂತೂ ಇನ್ನಷ್ಟು ಅಪಾಯಕಾರಿ. ಫ್ಲೋರೋಕಾರ್ಬನ್ ಉರಿದಾಗ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹೊರಬೀಳುತ್ತದೆ. ಉಳಿದ ತುಂಡುಗಳನ್ನು ಮನೆಗೆ ತಂದು, ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ, ಒಣ ಕಸದೊಂದಿಗೆ ವಿಲೇವಾರಿ ಮಾಡುವುದೇ ಸರಿಯಾದ ಕ್ರಮ. ಸೀಸದ ಗುಂಡುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ನೀರುಹಕ್ಕಿಗಳು ಅವನ್ನು ಕಲ್ಲಿನ ಹರಳೆಂದು ನುಂಗಿ ಸಾಯುತ್ತಿದ್ದುದರಿಂದ ಬ್ರಿಟನ್ನಿನಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲಿಯೇ ನಿಷೇಧಿಸಲಾಯಿತು.

ಮುಂಗಾರು ಗೆಂಡೆಗಳು ಮೊಟ್ಟೆಯಿಡುವ ಕಾಲವಾದ್ದರಿಂದ ಆ ತಿಂಗಳುಗಳಲ್ಲಿ ಗಾಳವನ್ನು ಮನೆಯಲ್ಲಿಯೇ ಇಡುವುದು, ಉಳಿದ ಕಾಲದಲ್ಲಿ ಮೀನುಗಾರಿಕೆ ಇಲಾಖೆಯ ಅನುಮತಿ ಮತ್ತು ನಿಯಮಗಳನ್ನು ತಿಳಿದು ನೀರಿಗಿಳಿಯುವುದು ಹವ್ಯಾಸಿಗಳ ಕರ್ತವ್ಯ. ಈ ಎಲ್ಲ ವಿವೇಚನೆಯ ಸಾರವನ್ನು ಹೀಗೆ ಹೇಳಬಹುದು: ಬೆಂಡಿಗೂ ಕಳೆಯ ನಡುವಿನ ಮರಲ್ ಮೀನಿಗೂ ಫ್ಲೋರೋಕಾರ್ಬನ್ ಬೇಡ, ತಳದ ಗೆಂಡೆಗೆ, ಕಲ್ಲಿನ ನಡುವಿನ ಬಾಳೆಮೀನಿಗೆ, ಚಳಿಗಾಲದ ತಿಳಿ ನೀರಿಗೆ ಅದರ ಒಂದೆರಡು ಮೀಟರ್ ಸಾಕು. ಅಷ್ಟನ್ನು ಅರಿತು ಕೊಂಡವರು ಹಣವನ್ನೂ ಉಳಿಸುತ್ತಾರೆ, ಮೀನು ಬಾಯಲ್ಲಿ ಗಾಳ ಹೊತ್ತು ದಾರ ಹರಿದುಕೊಂಡು ಹೋಗುವುದನ್ನೂ ತಪ್ಪಿಸುತ್ತಾರೆ, ನೂರಾರು ವರ್ಷ ಕೊಳೆಯದ ವಸ್ತುವನ್ನು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳಿಗೆ ಕಡಿಮೆ ಸೇರಿಸುತ್ತಾರೆ.